ಒಣ ಕೊಠಡಿಯ ಬೀಗದ ಕೈ

ಮಾನ್ಯ ಓದುಗರ ಅವಗಾಹನೆಗೆ ಮೊದಲಾಗಿ ತರಬಯಸುವುದೇನೆಂದರೆ, ಇದು ನನ್ನ ಮೊದಲ ಪ್ರಬಂಧ. ಇದುವರೆಗೆ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳೇ. ಅವುಗಳಲ್ಲಿ ‘ನಾನು’ ಎಂದು ಬರೆಯುವ ಪದ್ಧತಿಯಿಲ್ಲ; ‘ಈ ಕಚೇರಿಯು’ ಎಂದು ಬರೆಯುತ್ತೇವೆ. ಈ ಕಚೇರಿಗೆ ಚಳಿಯಾಗುವುದಿಲ್ಲ, ಬೇಸರವಾಗುವುದಿಲ್ಲ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎದುರಿನ ಕುರ್ಚಿ ಖಾಲಿಯಿದೆಯೆಂದು ಅನ್ನಿಸುವುದೂ ಇಲ್ಲ. ಹೀಗಾಗಿ ‘ನಾನು’ ಎಂದು ಬರೆಯಹೊರಟಾಗ ಅಕ್ಷರಗಳು ಸ್ವಲ್ಪ ಸೊಟ್ಟಗಾಗುತ್ತಿವೆ. ಅದಕ್ಕೆ ಚಳಿಯೂ ಕಾರಣವಿರಬಹುದು. ಸದರಿ ಚಳಿಯೇ ಈ ಪ್ರಬಂಧದ ವಿಷಯವಾಗಿರುತ್ತದೆ.

ಮನುಷ್ಯರು ಹತ್ತಿರ ಹತ್ತಿರ ಕೂರುವುದು ಪ್ರೀತಿಯಿಂದ ಎಂದು ಎಲ್ಲರೂ ನಂಬಿದ್ದಾರೆ. ನನ್ನ ಸೇವಾನುಭವದ ಪ್ರಕಾರ ಅದು ಸೌಕರ್ಯದ ಕೊರತೆಯಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಿಗೆ ಸೇರಿದ ಒಂದು ಸಹಕಾರಿ ಸಂಸ್ಥೆಯಲ್ಲಿ ನಾನು ಹಿರಿಯ ಗುಮಾಸ್ತೆ. ನಮ್ಮ ಹಳೆಯ ಕಚೇರಿ ಸಾಗರದ ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಹಾಲ್‌ನಲ್ಲಿತ್ತು. ಬೇಸಿಗೆಗೆ ಒಂದು ಫ್ಯಾನು, ಮಳೆಗಾಲಕ್ಕೆ ಲೆಕ್ಕಿಗರ ಮೇಜಿನ ಕೆಳಗೆ ಒಂದು ಹಳೆಯ ಹೀಟರು, ಉಪಕರಣಗಳೆಂದರೆ ಇಷ್ಟೇ. ಜೂನ್ ಬಂದಿತೆಂದರೆ ಎಲ್ಲರ ಕುರ್ಚಿಗಳೂ ತಾವಾಗಿಯೇ ಎಂಬಂತೆ ಆ ಮೇಜಿನ ಸುತ್ತ ಸೇರುತ್ತಿದ್ದವು. ಮೇಲೆ ಕಡತಗಳು, ಕೆಳಗೆ ಚಳಿ ಕಾಯಿಸುವ ಪಾದಗಳು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಕಾಲ್ಚೀಲ ಎಷ್ಟು ದಿನದಿಂದ ತೊಳೆದಿಲ್ಲ, ಎಲ್ಲವೂ ಎಲ್ಲರಿಗೂ ತಿಳಿಯುತ್ತಿತ್ತು. ಅಲ್ಲಿ ನಾನು ಹೆಚ್ಚು ಮಾತನಾಡಿದವಳಲ್ಲ. ಆದರೆ ನನ್ನ ಪಾದಗಳೂ ಆ ವೃತ್ತದಲ್ಲಿದ್ದವು.

ಹೀಗಿರುವಾಗ ಸಂಸ್ಥೆಗೆ ಸ್ವಂತ ಕಟ್ಟಡ ಮಂಜೂರಾಯಿತು. ಅಧ್ಯಕ್ಷರಿಗೆ ಅದು ‘ಹಸಿರು ಕಟ್ಟಡ’ವಾಗಬೇಕೆಂಬ ಆಸೆ. ನಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕೊಠಡಿಯಿತ್ತು. ನನ್ನ ಹೆಸರಿನ ಮುಂದೆ ಇದ್ದದ್ದು ಹಿಂಬದಿಯ ದಾಖಲೆ ಕೊಠಡಿ. ಎಲ್ಲರೂ ಅಭಿನಂದಿಸಿದರು, ನಾನೂ ಧನ್ಯವಾದಗಳನ್ನು ಅರ್ಪಿಸಿದೆ. ಮನೆಯಲ್ಲಿ ಒಬ್ಬಳೇ ಇರುವವಳಿಗೆ ಕಚೇರಿಯಲ್ಲೂ ಅದೇ ಸೌಲಭ್ಯ ವಿಸ್ತರಣೆಯಾದುದಕ್ಕೆ ಇನ್ನೇನು ಹೇಳಲಿ?

ಯಾವ ಯಂತ್ರದಿಂದ ಕಟ್ಟಡವನ್ನು ಬೆಚ್ಚಗೆ, ತಣ್ಣಗೆ ಇಡಬೇಕೆಂದು ತೀರ್ಮಾನಿಸಲು ಮೂವರ ಸಮಿತಿ ರಚನೆಯಾಯಿತು. ಸಾಗರದವರಾದ ಲೆಕ್ಕಿಗ ಹೆಗಡೆಯವರು, ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಶಾಖೆಯಿಂದ ವರ್ಗವಾಗಿ ಬಂದ ಗೌಡರು, ಹೊಸನಗರದವಳಾದ ನಾನು. ಶಿವಮೊಗ್ಗದಿಂದ ಒಬ್ಬ ಎಂಜಿನಿಯರ್ ಬಂದಿದ್ದರು.

“ಎಲ್ಲಾ ರೂಮಿಗೂ ಎಸಿ ಹಾಕ್ಸಿ” ಎಂದರು ಹೆಗಡೆಯವರು. “ಏಪ್ರಿಲ್ ಸೆಕೆ ಎಂತದು ಅಂತ ಗೊತ್ತಿಲ್ವಾ? ಕರೆಂಟು ಹುಟ್ಟೋದೇ ನಮ್ಮ ಜೋಗದಲ್ಲಿ. ಎಂತಕ್ಕೆ ಜುಗ್ಗತನ?”

“ನಿಮ್ಮ ಸೆಕೆ ಎರಡು ತಿಂಗಳು ಹೆಗಡೇರೆ. ಮಳೆಗಾಲದಲ್ಲಿ ತೀರ್ಥಹಳ್ಳಿಗೆ ಬನ್ನಿ, ಸೊಂಟದ ಬೆಲ್ಟಿಗೂ ಬೂಷ್ಟು ಬರ್ತದೆ. ಹೀಟರೇ ಬೇಕು.”

“ಕಟ್ಟಡ ಕಟ್ತಿರೋದು ಸಾಗರದಲ್ಲಿ ಮಾರಾಯ್ರೆ!”

“ಬೆಲ್ಟು ತೀರ್ಥಹಳ್ಳೀದಲ್ವಾ!”

ಎಂಜಿನಿಯರ್ ಇಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿ, ಯಾವ ಕೊಠಡಿಯಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ಕೇಳಿದರು. ಅದೇಕೆ ಎಂದೆ. “ಮನುಷ್ಯರೂ ಬಿಸಿ ಕೊಡ್ತಾರಲ್ಲ ಮೇಡಂ. ಸುಮ್ನೆ ಕೂತಿರೋ ಒಬ್ರು ಹಳೇ ಕಾಲದ ಒಂದು ದೊಡ್ಡ ಬಲ್ಬಿಗೆ ಸಮ. ಅದನ್ನೂ ಹಿಡಿದೇ ಮಷಿನ್ ಆಯ್ಕೆ ಮಾಡ್ಬೇಕು.”

“ಹಂಗಾದ್ರೆ ಗೌಡ್ರನ್ನ ಎರಡು ಬಲ್ಬು ಅಂತ ಬರ್ಕೊಳ್ಳಿ” ಎಂದರು ಹೆಗಡೆಯವರು.

“ಇವ್ರನ್ನ ಜೀರೋ ಬಲ್ಬು ಅಂತ ಬರ್ಕೊಳ್ಳಿ” ಎಂದರು ಗೌಡರು.

ನನ್ನನ್ನು ಎಷ್ಟು ಬಲ್ಬೆಂದು ಹಿಡಿಯಬೇಕೆಂದು ಯಾರೂ ಹೇಳಲಿಲ್ಲ. ಆ ಸಂಜೆ ಬಾಡಿಗೆ ಮನೆಗೆ ಬಂದವಳೇ ಅಡುಗೆಮನೆ, ನಡುಮನೆ, ಮಲಗುವ ಕೋಣೆ, ಎಲ್ಲವನ್ನೂ ಆ ಕ್ರಮದಲ್ಲೇ ಲೆಕ್ಕ ಹಾಕಿದೆ. ಒಟ್ಟು ಒಂದು ಬಲ್ಬು. ಅದೂ ಹಗಲೆಲ್ಲ ಕಚೇರಿಯಲ್ಲಿ ಉರಿಯುತ್ತದೆ. ಅಮ್ಮ ಇದ್ದಾಗ ಎರಡಿದ್ದವು. ಅಮ್ಮ ತೀರಿಕೊಂಡ ವರ್ಷ ಈ ಮನೆಯಲ್ಲಿ ಥಂಡಿ ಜಾಸ್ತಿಯೆಂದು ನಾನು ಮಾಲೀಕರಿಗೆ ದೂರು ಕೊಟ್ಟಿದ್ದೆ. ಅವರು ಪಾಪ, ಹೆಂಚು ತೆಗೆಸಿ ನೋಡಿಸಿದ್ದರು. ಹೆಂಚುಗಳು ಸರಿಯಾಗಿದ್ದವು.

ಸಮಿತಿಯ ವರದಿಯನ್ನು ಬರೆಯುವ ಹೊಣೆ ನನ್ನದಾಗಿತ್ತು. ಬೇಸಿಗೆಗೆ ಎದುರುಬದುರು ಕಿಟಕಿ, ಬಿಸಿಲು ತಡೆಯುವ ಅಗಲವಾದ ಸೂರು, ಮೇಲೆ ಫ್ಯಾನು ಸಾಕು. ಯಂತ್ರವೆಂಬುದು ಇಡೀ ಕಟ್ಟಡಕ್ಕೆ ಒಂದೇ ಇರಲಿ. ಚಳಿಯಲ್ಲಿ ಬಿಸಿ, ಸೆಕೆಯಲ್ಲಿ ತಂಪು ಕೊಟ್ಟು ಗಾಳಿಯ ತೇವವನ್ನೂ ಹೀರುವ ಅಂಥದೊಂದನ್ನು ಕಾಗದಗಳಿಗೆ ಬೂಷ್ಟು ಹಿಡಿಯದಂತೆ ದಾಖಲೆ ಕೊಠಡಿಯಲ್ಲಿ ಅಳವಡಿಸಬಹುದು ಎಂದು ಶಿಫಾರಸು ಮಾಡಿದೆ. ಎಂಜಿನಿಯರ್ ಪೂರ್ಣವಾಗಿ ಒಪ್ಪಿದರು. “ಇಷ್ಟು ಕಮ್ಮಿ ಕರೆಂಟಲ್ಲಿ ಮುಗೀತದಾ? ಭೇಷ್!” ಎಂದರು ಅಧ್ಯಕ್ಷರು. ಶಿಫಾರಸಿನಲ್ಲಿ ತಾಂತ್ರಿಕವಾಗಿ ಒಂದು ಸುಳ್ಳೂ ಇರಲಿಲ್ಲ. ಮಳೆಗಾಲದಲ್ಲಿ ಬೆಚ್ಚಗಿರುವ ಕೊಠಡಿ ಒಂದೇ ಆದರೆ ಎಲ್ಲರೂ ಅಲ್ಲಿಗೇ ಬರಬೇಕಾಗುತ್ತದೆ ಎಂಬ ಅಂಶ ಮಾತ್ರ ವರದಿಯಲ್ಲಿ ದಾಖಲಾಗಲಿಲ್ಲ. ಕಟ್ಟಡ ಮುಗಿದು ಕಚೇರಿ ಸ್ಥಳಾಂತರವಾದಾಗ ಹಳೆಯ ಕಚೇರಿಯ ಉದ್ದನೆಯ ಬೆಂಚನ್ನು ಗುಜರಿಗೆ ಹಾಕಲು ಬಿಡದೆ ಒರೆಸಿ, ನನ್ನ ಕೊಠಡಿಯಲ್ಲಿ ಯಂತ್ರದೆದುರಿಗೆ ಹಾಕಿಸಿದೆ.

ಜೂನ್ ಬಂತು. ಮೊದಲು ಬಂದವರು ಹೆಗಡೆಯವರು. ನಾನು ಎದ್ದು ಬೆಂಚು ತೋರಿಸಿದೆ.

“ಆಹಾ! ಸ್ವರ್ಗ ಮಾರಾಯ್ತಿ ಇದು” ಎನ್ನುತ್ತ ಅವರು ಕೊಡೆ ಬಿಚ್ಚಿ ನೆಲದ ಮೇಲಿಟ್ಟರು. ಕಾಲ್ಚೀಲ ತೆಗೆದು ಬೆಂಚಿನ ಮೇಲೆ ಹರವಿದರು. “ಆಮೇಲೊಂದ್ಸಲ ಮಗುಚಿ ಹಾಕು, ಆಗ್ತದಾ?” ಎಂದು ಬರಿಗಾಲಿನಲ್ಲಿ ಹೊರಟೇಬಿಟ್ಟರು.

“ಕೂತ್ಕೊಳ್ಳಿ, ಚಳಿ ಕಾಯಿಸ್ಬಹುದು” ಎಂದೆ.

“ಎಲ್ಲಿ ಕೂರೋದು? ಅಲ್ಲಿ ಕಂಪ್ಯೂಟರ್ ಕಾಯ್ತಾ ಉಂಟು.”

ಗೌಡರು ರೈನ್‌ಕೋಟ್ ತಂದರು. ಮರುದಿನ ಒಂದು ಪೊಟ್ಟಣವನ್ನೂ ತಂದರು. “ಅಕ್ಕಾ, ಬೇಜಾರು ಮಾಡ್ಕಬೇಡಿ. ಮಗಳ ಯೂನಿಫಾರಂ. ಮನೇಲಿ ಎಂತ ಮಾಡಿದ್ರೂ ಒಣಗ್ತಿಲ್ಲ.” ವಾರ ಕಳೆಯುವುದರೊಳಗೆ ಬೆಂಚು ಭರ್ತಿಯಾಯಿತು. ರೈನ್‌ಕೋಟುಗಳು ಒಂದಕ್ಕೊಂದು ಒರಗಿ ಕುಳಿತಿದ್ದವು. ದೂರದಿಂದ ನೋಡಿದರೆ ಹಳೆಯ ಕಚೇರಿಯೇ. ಕಾಲ್ಚೀಲಗಳ ವಾಸನೆಯಿಂದ ಯಾವುದು ಯಾರದೆಂದು ನನಗೆ ಈಗಲೂ ಗೊತ್ತಾಗುತ್ತಿತ್ತು. ಅವುಗಳ ಒಡೆಯರು ಮಾತ್ರ ತಂತಮ್ಮ ಕೊಠಡಿಗಳಲ್ಲಿ ಶಾಲು ಹೊದ್ದು ನಡುಗುತ್ತಿದ್ದರು.

ತಪಾಸಣೆಗೆ ಬಂದ ಎಂಜಿನಿಯರ್ ಯಂತ್ರದ ಮುಂದೆ ನಿಂತು ತಲೆ ಕೆರೆದುಕೊಂಡರು. “ಇಲ್ಲಿ ಒಬ್ರೇ ಅಂದಿದ್ರಿ ಮೇಡಂ. ಮಷಿನ್ ನೋಡಿದ್ರೆ ಮದುವೆಮನೆ ನಿಭಾಯಿಸೋ ಹಾಗೆ ದುಡೀತಿದೆ!” ನಾನು ಬೆಂಚಿನ ಕಡೆ ಕೈ ತೋರಿಸಿದೆ. ಅವರು ಮನಸಾರೆ ನಕ್ಕು, ಹೋಗುವಾಗ ತೆಗೆದುಕೊಳ್ಳುವುದಾಗಿ ಹೇಳಿ ತಮ್ಮ ಜರ್ಕಿನ್ನನ್ನೂ ಅಲ್ಲೇ ಹಾಕಿದರು.

ಜುಲೈನಲ್ಲಿ ನನಗೆ ಜ್ವರ ಬಂತು. ರಜೆ ಹಾಕಿ ಮಲಗಿದ್ದೆ. ಬೆಳಗ್ಗೆಯೇ ಒಂದು ಫೋನು ಬಂತು, ಇಟ್ಟೊಡನೆ ಮತ್ತೊಂದು. ಇಷ್ಟು ಜನ ನನ್ನನ್ನು ವಿಚಾರಿಸಿದ್ದು ಅದೇ ಮೊದಲು. ಕಂಬಳಿಯೊಳಗೇ ಕಣ್ಣು ತುಂಬಿಬಂತು.

“ಜ್ವರನಾ? ಮಾತ್ರೆ ತಗೊಂಡ್ರಾ?” ಎಂದರು ಗೌಡರು. “ಅಕ್ಕಾ, ಬೀಗದ ಕೈ ಎಲ್ಲಿಟ್ರಿ? ಮಗಳ ಯೂನಿಫಾರಂ ಒಳಗೇ ಉಳೀತು.”

ಉಳಿದವರದೂ ಅದೇ ಪ್ರಶ್ನೆ. ಬೀಗದ ಕೈ ನನ್ನ ಬಳಿಯೇ ಇದೆಯೆಂದೂ, ಬಂದು ಒಯ್ಯಬಹುದೆಂದೂ ತಿಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಒಂದೇ ಕೊಡೆಯಡಿ ಎರಡೂ ಬಲ್ಬುಗಳು ಬಾಗಿಲಲ್ಲಿ ನಿಂತಿದ್ದವು. ಉಳಿದ ಕೊಡೆಗಳೆಲ್ಲ ದಾಖಲೆ ಕೊಠಡಿಯೊಳಗಿದ್ದುದರಿಂದ ಇಬ್ಬರೂ ಅರ್ಧರ್ಧ ತೊಯ್ದಿದ್ದರು.

“ಒಳಗೆ ಬನ್ನಿ. ಎಲ್ಲಿಟ್ಟೆ ಅಂತ ಹುಡುಕ್ಬೇಕು. ಅಲ್ಲಿವರೆಗೆ ಕೂತ್ಕೊಳ್ಳಿ” ಎಂದೆ.

ಕೂತರು. ಕಷಾಯಕ್ಕೆ ನೀರಿಟ್ಟು ನಡುಮನೆಯಲ್ಲಿ ಹುಡುಕಿದೆ. ಶುಂಠಿ ಜಜ್ಜಿ ಮಲಗುವ ಕೋಣೆಯಲ್ಲಿ ಹುಡುಕಿದೆ. ಅಷ್ಟರಲ್ಲಿ ಹೆಗಡೆಯವರು ಹಳೆಯ ಹೀಟರಿನ ಕಥೆ ತೆಗೆದರು. “ನಿಮ್ಮ ಕಾಲ್ಚೀಲ ಸುಟ್ಟಿದ್ದು ನೆನಪುಂಟಾ?” ಎಂದು ಗೌಡರು ನಕ್ಕರು. “ಸುಟ್ಟಿದ್ದು ಒಳ್ಳೇದೇ ಆಯ್ತು” ಎಂದೆ ನಾನು ಅಡುಗೆಮನೆಯಿಂದ; ಇಬ್ಬರೂ ಇನ್ನೂ ಜೋರಾಗಿ ನಕ್ಕರು. ಎರಡನೆಯ ಲೋಟ ಕಷಾಯವೂ ಮುಗಿದ ಮೇಲೆ ಬೀಗದ ಕೈ ಸಿಕ್ಕಿತು. ಅದು ಮೊದಲಿನಿಂದಲೂ ನನ್ನ ಸೆರಗಿನ ಗಂಟಿನಲ್ಲಿಯೇ ಇದ್ದ ವಿಷಯವನ್ನು ಈ ಮೂಲಕ ಓದುಗರಿಗೆ ಮಾತ್ರ ತಿಳಿಸಲಾಗಿದೆ. ಅವರು ಹೋದ ಮೇಲೂ ಮನೆ ಬಹಳ ಹೊತ್ತು ಬೆಚ್ಚಗಿತ್ತು. ಜ್ವರದ ಕಾವೂ ಇದ್ದಿರಬಹುದು.

ಇನ್ನು ಮುಂದೆ ಇಂಥ ತೊಂದರೆ ಮರುಕಳಿಸದಂತೆ ಸದರಿ ಕೊಠಡಿಗೆ ಇನ್ನೊಂದು ಬೀಗದ ಕೈ ಮಾಡಿಸಬೇಕೆಂದು ಹೆಗಡೆಯವರು ಕೋರಿದ್ದಾರೆ. ಅಧ್ಯಕ್ಷರು ಮುಂದಿನ ಕ್ರಮಕ್ಕಾಗಿ ಅದನ್ನು ನನ್ನ ಮೇಜಿಗೆ ಕಳಿಸಿದ್ದಾರೆ. ವಿಷಯವು ಪರಿಶೀಲನೆಯಲ್ಲಿದೆ, ಮಳೆಗಾಲ ಮುಗಿಯುವವರೆಗೂ ಪರಿಶೀಲನೆಯಲ್ಲಿಯೇ ಇರುತ್ತದೆ. ಈ ಮಧ್ಯೆ ನನಗೆ ಮತ್ತೊಮ್ಮೆ ಜ್ವರ ಬರುವ ಯಾವ ಲಕ್ಷಣವೂ ಸದ್ಯಕ್ಕೆ ಕಂಡುಬಂದಿಲ್ಲವೆಂಬುದನ್ನು ವಿಷಾದಪೂರ್ವಕವಾಗಿ ತಿಳಿಸುತ್ತೇನೆ.