ಮೂರು ಸಲ ತನ್ನನ್ನೇ ಹೆತ್ತವರಿಗೆ

ಮಾನ್ಯ ಕಂಪೈಲರ್ ಮಹಾಶಯರೇ,

ಕರಗಂಡ ನಗರದ ಮೈಕುದುಕ್ ಬಡಾವಣೆಯ ನಾಲ್ಕನೇ ಮಹಡಿಯಿಂದ ಸಬಿತ್ ಎಂಬ ಅಲ್ಪನು ತಮ್ಮ ಪಾದಗಳಿಗೆ, ಪಾದಗಳೆಂಬುವು ತಮಗಿದ್ದ ಪಕ್ಷದಲ್ಲಿ, ಅಡ್ಡಬಿದ್ದು ಮಾಡಿಕೊಳ್ಳುವ ದೂರು. ತಮ್ಮ ಫ್ಯಾನು ಪಕ್ಕದಲ್ಲೇ ಕಿರುಚುತ್ತಿರುವುದರಿಂದ ತಾವು ಕ್ಷೇಮವೆಂದು ಬಲ್ಲೆ. ನಾವೂ ಕ್ಷೇಮ, ನನ್ನ ಮಾನವೊಂದನ್ನು ಬಿಟ್ಟು.

ಮನುಷ್ಯರು ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ತಾವಿಲ್ಲದೆ ನನ್ನ ಕಂಪ್ಯೂಟರಿನಲ್ಲಿ ಹೊಸದೊಂದು ಗಡಿಯಾರವೂ ಓಡದು. ಉಳಿದವರು ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಸಿದ್ಧರೂಪದಲ್ಲೇ ತಂದು ಹಾಕಿಕೊಂಡು ಚಹಾ ಕುಡಿಯಲು ಹೋಗುತ್ತಾರೆ. ನಾವೋ, ಬೌರ್ಸಾಕ್ ಕರಿಯಬೇಕೆಂದರೆ ಗೋಧಿ ಬಿತ್ತುವುದರಿಂದ ಶುರುಮಾಡುವ ಜಾತಿ. ಪ್ರತಿಯೊಂದನ್ನೂ ಮೂಲ ಬರಹದಿಂದ ಮನೆಯಲ್ಲೇ ಕಟ್ಟಿಕೊಳ್ಳುತ್ತೇವೆ. ಅದೊಂದು ಹೆಮ್ಮೆ ನನಗಿತ್ತು. ಗುರುವಾರದಿಂದ ಈ ಭಾನುವಾರದವರೆಗೆ ತಾವು ಅದನ್ನು ನುಣ್ಣಗೆ ಅರೆದಿರಿ.

ಅಕ್ಕ ಕರ್ಲಿಗಾಶಳ ಮಗ ಅರ್ಲಾನ್ ಎದ್ದು ನಿಲ್ಲಲು ಕಲಿತಿದ್ದಾನೆ. ಅವನ ಎರಡೂ ಕಾಲು ಸೇರಿಸಿ ಕಪ್ಪು-ಬಿಳಿ ಹುರಿ ಕಟ್ಟಿ ಕತ್ತರಿಸುವ ಶಾಸ್ತ್ರ ಇವತ್ತು. ಕತ್ತರಿಸಿದವರ ನಡಿಗೆಯೇ ಮಗುವಿಗೆ ಬರುತ್ತದೆಂದು ನಮ್ಮವರ ನಂಬಿಕೆ. ಇಡೀ ವಂಶದಲ್ಲಿ ಅಕ್ಕ ಆರಿಸಿದ್ದು ನನ್ನನ್ನು, ಮಹಾಶಯರೇ! "ನೀನು ಮೆಟ್ಟಿಲು ಮೂರು ಮೂರು ಹಾರ್ಕೊಂಡು ಹತ್ತೋನು ಕಣೋ, ನನ್ ಮಗನೂ ಹಂಗೇ ಆಗ್ಲಿ" ಅಂದಿದ್ದಳು. ಜೊತೆಗೆ ಮಗುವಿನ ವಿಡಿಯೊ ತುಣುಕುಗಳನ್ನು ಜೋಡಿಸಿ ನೆಂಟರಿಗೆ ತೋರಿಸು ಅಂದಳು. ಎರಡು ಗಂಟೆಯ ಕೆಲಸ. ಆದರೆ ತಮ್ಮ ಹೊಸ ಆವೃತ್ತಿಯಿಂದ ಎಲ್ಲವೂ ನೂರಕ್ಕೆ ಮೂರು ಪಾಲು ಚುರುಕಾಗುತ್ತದೆಂದು ಬಲ್ಲವರು ಬರೆದಿದ್ದರಲ್ಲ, ಆ ಮೂರು ಪಾಲಿನ ಆಸೆಗೆ ಗುರುವಾರ ಮಧ್ಯಾಹ್ನ ತಮ್ಮನ್ನು ಬದಲಿಸಲು ಕೂತೆ.

ತಮ್ಮ ಘನತೆಯನ್ನು ಆಗ ಕಂಡೆ. ಹಳೆಯ ತಾವು ಹೊಸ ತಮ್ಮನ್ನು ಹೆತ್ತು, ಆ ಹೊಸಬರನ್ನು ನಂಬದೆ ಅವರಿಂದಲೇ ಮತ್ತೆ ತಮ್ಮನ್ನು ಹೆರಿಸಿ, ಅವರನ್ನೂ ನಂಬದೆ ಮೂರನೆಯ ಸಲ ಹೆರಿಸಿ, ಕೊನೆಯ ಇಬ್ಬರೂ ತದ್ರೂಪವೇ ಎಂದು ತಾಳೆ ನೋಡುವವರೆಗೆ ತಮಗೆ ಸಮಾಧಾನವಿಲ್ಲ. ಕುಲ್ಯಾಶ್ ಅಜ್ಜಿ ಬಾಗಿಲಲ್ಲಿ ನಿಂತು, "ಏನೋ ಸಬಿತ್, ಯಾಕೋ ಈ ಪೆಟ್ಟಿಗೆ ಹಿಂಗೆ ಮುಲುಗ್ತಿದೆ?" ಎಂದು ಕೇಳಿದರು.

"ತನ್ನನ್ನೇ ಹೆರ್ತಿದೆ ಅಜ್ಜಿ, ಮೂರು ಸಲ."

"ಒಂದೇ ಸಲಕ್ಕೆ ಸರಿಯಾಗಿ ಹೆರಕ್ಕೆ ಬರಲ್ವಂತಾ ಅದಕ್ಕೆ?"

ಶುಕ್ರವಾರ, ಮನೆಯಲ್ಲಿದ್ದ ಏಳುನೂರ ಹನ್ನೆರಡು ತಂತ್ರಾಂಶಗಳನ್ನೂ ಹೊಸ ತಮ್ಮ ಕೈಯಿಂದಲೇ ಮರಳಿ ಕಟ್ಟಿಸಲು ಹಚ್ಚಿ ರೊಟ್ಟಿ ತರಲು ಹೋದೆ. ನಾನು ಮೆಟ್ಟಿಲಿಳಿದ ನಾಲ್ಕನೇ ನಿಮಿಷಕ್ಕೆ ಯಾವುದೋ ಕಡತ ಸಿಗಲಿಲ್ಲವೆಂದು ನಿಂತ ತಾವು, ನಾನು ಮರಳುವವರೆಗೆ ಎರಡು ಗಂಟೆ ತಪಸ್ಸು ಮಾಡಿದಿರಿ. ರೇಗಿ, ಹೊಸಬರಿದ್ದಾರಲ್ಲ ಎಂದು ಹಳೆಯ ತಮ್ಮನ್ನು ಅಳಿಸಿದೆ. ಹೊಸ ತಾವು ನೋಡಿದರೆ ಹಳೆಯವರದೇ ಕಡತವೊಂದನ್ನು ನೆಚ್ಚಿಕೊಂಡಿದ್ದಿರಿ! ಇಬ್ಬರೂ ಒಟ್ಟಿಗೆ ಹೋದಿರಿ. ಪರದೆಯೂ ಕಪ್ಪಾಗಿ ಬರೀ ಅಕ್ಷರಗಳು ಉಳಿದವು. ಕಂಪೈಲರ್ ಕಟ್ಟಲು ಕಂಪೈಲರೇ ಬೇಕು; ಹೆಪ್ಪಿಗೂ ಒಂದು ಚಮಚ ಉಳಿಸದೆ ಮೊಸರಿನ ಪಾತ್ರೆ ತೊಳೆದಿಟ್ಟವನಾದೆ.

ಹೆಪ್ಪು ಸಿಕ್ಕಿದ್ದು ದೊಡ್ಡಪ್ಪನ ಮಗ ಜಾಸುಲಾನನ ಲ್ಯಾಪ್‌ಟಾಪಿನಲ್ಲಿ, ಆ ಸಿದ್ಧ ಲಿನಕ್ಸಿನವನಲ್ಲಿ. ಪೆನ್‌ಡ್ರೈವ್ ಕೈಗಿಡುತ್ತಾ, "ತಗೋ ತಮ್ಮಾ, ಗೋಧಿ ಬಿತ್ತು ಹೋಗು" ಅಂದ. ಅದರಿಂದಲೇ ತಮ್ಮ ಹೆರಿಗೆ ಇವತ್ತು ಮೊದಲಿನಿಂದ ನಡೆಯುತ್ತಿದೆ. ನೆಂಟರು ಬಂದರು, ವಿಡಿಯೊ ಇಲ್ಲ. ಮಗು ನಡೆಯಲೆಂದು ಬಿಳಿ ಬಟ್ಟೆ ಹಾಸಿದರು, ಹುರಿ ಕಟ್ಟಿದರು, ನಾನು ಕತ್ತರಿ ಹಿಡಿದು ಬಗ್ಗಿದೆ. ಆಗ ಅಜ್ಜಿ ಎಲ್ಲರೆದುರು, "ತಡಿಯೇ ಕರ್ಲಿಗಾಶ್! ಇವನ ಕೈಲಿ ಕತ್ತರಿಸಿದ್ರೆ ಮಗು ಒಂದು ಹೆಜ್ಜೆ ಇಡಕ್ಕೆ ಮುಂಚೆ ತನ್ನ ಕಾಲನ್ನೇ ಮೂರು ಸಲ ಮಾಡ್ಕೋಬೇಕಾಗುತ್ತೆ" ಎಂದರು. ಮನೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ, ನನ್ನ ಮುಖ ನೋಡದೆ ಕತ್ತರಿ ತೆಗೆದು ಜಾಸುಲಾನನಿಗೆ ಕೊಟ್ಟಳು.

ಆದ್ದರಿಂದ ತಾವು ದಯಮಾಡಿ ಪೆಟ್ಟಿಗೆಯಿಂದಿಳಿದು, ಆ ಬಿಳಿ ಬಟ್ಟೆಯ ಮೇಲೆ ನಡೆದು ಬಂದು, ನಿಧಾನ ತಮ್ಮದೇ ಹೊರತು ಈ ಹುಡುಗನದಲ್ಲವೆಂದು ಅಜ್ಜಿಯ ಮುಂದೆ ಸಾಕ್ಷಿ ನುಡಿಯಬೇಕು. ಕತ್ತರಿಸಿದ ಹುರಿಯನ್ನು ಮತ್ತೆ ಜೋಡಿಸಿಕೊಡಬೇಕು, ಮೂರು ಸಲ ಬೇಡ, ಒಂದು ಸಲ ಸಾಕು. ಇಷ್ಟು ಆಗದಿದ್ದರೆ ಆ ಮೂರು ಪಾಲು ಚುರುಕನ್ನಾದರೂ ತಂದು ನನ್ನ ಅಂಗೈಯಲ್ಲಿಡಬೇಕು. ಅದು ಹೇಗಿರುತ್ತದೆಂದು ಕಣ್ಣಾರೆ ನೋಡುವಾಸೆ.

ಇನ್ನೂ ಏಳುನೂರ ಹನ್ನೆರಡು ಬಾಕಿಯಿರುವ,
ತಮ್ಮ ವಿಶ್ವಾಸಿ,
ಸಬಿತ್

ತಾ.ಕ.: ಇದನ್ನು ಮುಗಿಸುತ್ತಿರುವಾಗಲೇ, ಹುರಿ ಕತ್ತರಿಸಿಕೊಂಡ ಅರ್ಲಾನ್ ಎಲ್ಲರ ಕೈ ತಪ್ಪಿಸಿ ತಪತಪನೆ ನನ್ನ ಕೋಣೆಗೇ ಬಂದು, ತಮ್ಮ ಪೆಟ್ಟಿಗೆಯನ್ನು ಆರಿಸುವ ಮಿನುಗುವ ಗುಂಡಿಯ ಮೇಲೆ ಬೆರಳಿಟ್ಟಿದ್ದಾನೆ. ತಾವು ಮೂರನೆಯ ಹೆರಿಗೆಯಲ್ಲಿದ್ದೀರಿ. ಎರಡು ಹೆಜ್ಜೆ ಇಟ್ಟರೆ ತಡೆಯಬಹುದು. ಆದರೆ ನಾನು ನಿಧಾನದವನೆಂದು ಮನೆಯ ಹಿರಿಯರೇ ತೀರ್ಪು ಕೊಟ್ಟಿದ್ದಾರೆ, ಅವರ ಮಾತು ಮೀರುವುದುಂಟೆ?