ಮೇಲಿನ ಒಂದು ರೂಪಾಯಿ

ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಕೇಳುವುದು ಹಾಲಿನ ಪ್ಯಾಕೆಟ್ ಬಾಗಿಲಲ್ಲಿ ಬಿದ್ದ ಸದ್ದು, ಆಮೇಲೆ ನನ್ನ ಬಳೆಯ ಸದ್ದು. ಆ ಗುರುವಾರವೂ ಹಾಗೇ ಆಯಿತು. ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಬಿಟ್ಟು, ಡಿಕಾಕ್ಷನ್ ಇಳಿಯಲೆಂದು ಫಿಲ್ಟರಿನ ತಲೆಗೆ ಎರಡು ಸಲ ತಟ್ಟಿ, ಯಜಮಾನರ ಬಿ.ಪಿ. ಮಾತ್ರೆಯನ್ನು ಅವರ ಕೈಗೇ ಕೊಟ್ಟೆ. ಕೈಗೇ ಕೊಡಬೇಕು, ಮೇಜಿನ ಮೇಲಿಟ್ಟರೆ ಅದು ಪೇಪರಿನ ಕೆಳಗೆ ಸೇರಿ, ಮಧ್ಯಾಹ್ನ ಗುಡಿಸುವಾಗ ಸಿಗುತ್ತದೆ. ಬೇಳೆಗೆ ಕುಕ್ಕರ್ ಇಟ್ಟೆ. ಅದು ಮೂರು ಸಲ ಕೂಗುವವರೆಗಿನ ಬಿಡುವು ಪೂರ್ತಿ ನನ್ನದು. ಸಾಮಾನ್ಯವಾಗಿ ಆ ಬಿಡುವಿನಲ್ಲಿ ನಾನು ಕಿಟಕಿಯಿಂದ ಎದುರು ಮನೆಯವರು ಒಗೆದು ಹಾಕಿದ ಬಟ್ಟೆ ನೋಡುತ್ತೇನೆ. ಅವತ್ತು ಮಾತ್ರ ಹಿಂದಿನ ದಿನ ಯಜಮಾನರು ಬ್ಯಾಂಕಿನ ಯಂತ್ರಕ್ಕೆ ತೂರಿಸಿ ಮುದ್ರಿಸಿ ತಂದಿದ್ದ ಪಾಸ್‌ಬುಕ್ ತೆರೆದೆ. ಮೊದಲನೇ ಕೂಗು ಕೇಳಿಸಿದ್ದು ನೆನಪಿದೆ. ಉಳಿದವು ಯಾವಾಗ ಕೂಗಿದವೋ ಗೊತ್ತಿಲ್ಲ. ಅವತ್ತಿನ ಸಾರಿನಲ್ಲಿ ಬೇಳೆ ಎಲ್ಲಿದೆ ಎಂದು ಯಾರೂ ತೋರಿಸುವ ಹಾಗಿರಲಿಲ್ಲ.

ಪಾಸ್‌ಬುಕ್ ನನ್ನದಲ್ಲ, ನಮ್ಮ ಭಜನಾ ಮಂಡಳಿಯದು. ಬಸವನಗುಡಿಯ ನಮ್ಮ ಅಡ್ಡರಸ್ತೆಯ ಹೆಂಗಸರು ವಾರಕ್ಕೊಮ್ಮೆ ಸೇರುತ್ತೇವೆ, ಹಾಡುತ್ತೇವೆ, ಹಾಡಿದ್ದಕ್ಕಿಂತ ತುಸು ಹೆಚ್ಚು ಮಾತಾಡುತ್ತೇವೆ. ಕಳೆದ ಗೌರಿ ಹಬ್ಬದಿಂದ ನಾನು ಅದರ ಖಜಾಂಚಿ. ನನಗೆ ಲೆಕ್ಕ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಅದಕ್ಕೆ ಮುಂಚೆ ನಾಲ್ಕು ವರ್ಷ ಖಜಾಂಚಿಯಾಗಿದ್ದ ಪಕ್ಕದ ಮನೆಯ ಸುಗುಣಮ್ಮನವರು, “ವತ್ಸಲಾ ಕಾನ್ವೆಂಟಲ್ಲಿ ಓದಿದೋರು, ಬ್ಯಾಂಕಿನೋರ ಹತ್ರ ಇಂಗ್ಲಿಷಲ್ಲಿ ಮಾತಾಡ್ತಾರೆ, ಅವರೇ ಇರ್ಲಿ” ಅಂದರು; ಎಲ್ಲರೂ ತಲೆಯಾಡಿಸಿದರು. ಬ್ಯಾಂಕಿನಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಎಲ್ಲರೂ ಕನ್ನಡದವರು, ಸೆಕ್ಯೂರಿಟಿಯವನೊಬ್ಬ ಹಿಂದಿಯವನು. ಇನ್ನು ಕಾನ್ವೆಂಟಿನಲ್ಲಿ ನಾನು ಕಲಿತದ್ದಾದರೂ ಏನು? ಬೆರಳು ತೋರಿಸಿ ಮಾತಾಡಬಾರದು, ದನಿ ಏರಿಸಬಾರದು, ಏನನ್ನಾದರೂ ಕೇಳುವ ಮೊದಲು ಪ್ಲೀಸ್ ಅನ್ನಬೇಕು, ಪ್ಲೀಸ್ ಅನ್ನುವ ಮೊದಲು ಸಾರಿ ಅನ್ನಬೇಕು. ಇಷ್ಟು ಬಂಡವಾಳ ಇಟ್ಟುಕೊಂಡು ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದೂ ಕಷ್ಟ. ನಾನು “ಸ್ವಲ್ಪ ಕಮ್ಮಿ ಮಾಡಿಕೊಳ್ಳೋಕಾಗತ್ತಾ” ಎನ್ನುವಷ್ಟರಲ್ಲಿ ಅವನು ಬೀನ್ಸು ಚೀಲಕ್ಕೆ ಸುರಿದು ಮುಂದಿನ ಮನೆಯ ಹತ್ತಿರ ಇರುತ್ತಾನೆ.

ಪಾಸ್‌ಬುಕ್ಕಿನಲ್ಲಿ ಒಂದೇ ತರಹದ ಸಾಲು ಐದು ಸಲ ಇತ್ತು. ನಾಲ್ಕೈದು ಇಂಗ್ಲಿಷ್ ಅಕ್ಷರ, ನಡುವೆ ಒಂದು ಸ್ವರವೂ ಇಲ್ಲ, ಮುಂದೆ ಇನ್ನೂರೈವತ್ತರ ಹತ್ತಿರದ ಒಂದು ಕಡಿತ. ತಿಂಗಳಿಗೊಂದರಂತೆ ಸಾವಿರದ ಇನ್ನೂರು ಚಿಲ್ಲರೆ ಹೋಗಿತ್ತು. ಕನ್ನಡಕ ಒರೆಸಿಕೊಂಡು ಹಿಂದೆ ಹಿಂದೆ ಹೋದೆ. ರಾಮನವಮಿಯ ವಾರದಲ್ಲಿ ಸಿಕ್ಕಿಬಿದ್ದೆ. ಮಂಡಳಿಯ ಖಾತೆಯಲ್ಲಿ ಆಗ ಸರಿಯಾಗಿ ಹತ್ತು ಸಾವಿರವಿತ್ತು. ಹಾಡಲು ಬಂದಿದ್ದ ವಿದುಷಿಯವರಿಗೆ ನಾನೇ ಚೆಕ್ ಬರೆದಿದ್ದೆ. ಐದು ಸಾವಿರದ ಒಂದು ರೂಪಾಯಿ. ಉಳಿದದ್ದು ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಖಾತೆಯಲ್ಲಿ ಯಾವಾಗಲೂ ಐದು ಸಾವಿರ ಇರಬೇಕೆಂಬುದು ಬ್ಯಾಂಕಿನ ನಿಯಮ, ಇಲ್ಲದಿದ್ದರೆ ದಂಡ. ಅಂದರೆ ನಾನು ಆ ತಾಯಿಗೆ ಗೌರವದಿಂದ ಮೇಲೆ ಇಟ್ಟ ಒಂದು ರೂಪಾಯಿ ಐದು ತಿಂಗಳಿಂದ ನಮ್ಮನ್ನು ತಿನ್ನುತ್ತಿತ್ತು.

“ಐದು ಸಾವಿರ ಅಂತ ಬರೆದಿದ್ರೆ ಆಗ್ತಿತ್ತಲ್ಲೇ,” ಅಂದರು ಯಜಮಾನರು.

“ನಿಮ್ಮ ತಂಗಿ ಗೃಹಪ್ರವೇಶಕ್ಕೆ ಕವರಿನಲ್ಲಿ ಬರೀ ಸಾವಿರ ಇಡೋಣವೇ ಅಂದಾಗ ಯಾರು ಕೂಗಾಡಿದ್ದು?”

ಅವರು ಪೇಪರ್ ಮಡಿಸಿದರು. “ಸರಿ, ಈಗೇನು? ನಿನ್ನ ಕೈಯಿಂದ ಹಾಕ್ಬಿಡು. ತಲೆನೋವು ಹೋಗತ್ತೆ.”

ಗಂಡಸರಿಗೆ ಎಲ್ಲ ಸುಲಭ. ಗೌರಿ ಹಬ್ಬಕ್ಕೆ ಮುಂಚೆ ವರ್ಷದ ಲೆಕ್ಕ ಓದುವುದು ನಮ್ಮ ರೂಢಿ, ಅದು ಅವತ್ತೇ ಸಂಜೆ ನಮ್ಮ ಮನೆಯಲ್ಲೇ ಇತ್ತು. ನಾನು ಸದ್ದಿಲ್ಲದೆ ಕೈಯಿಂದ ಹಾಕಿದೆ ಅಂತಿಟ್ಟುಕೊಳ್ಳಿ. ಯಾವತ್ತೋ ಒಂದು ದಿನ ಯಾರೋ ಪಾಸ್‌ಬುಕ್ ತಿರುವಿ, “ಇದೇನು, ವತ್ಸಲಾ ದುಡ್ಡು ತಂದು ಕಟ್ಟಿದ್ದಾರೆ! ತೆಗೆದಿದ್ದರಿಂದ ತಾನೇ ಕಟ್ಟಿದ್ದು?” ಅಂದರೆ? ನಮ್ಮ ಮಂಡಳಿಯನ್ನು ನೀವು ಕಂಡಿಲ್ಲ. ಒಮ್ಮೆ ಪ್ರಸಾದದ ಸಜ್ಜಿಗೆಯಲ್ಲಿ ದ್ರಾಕ್ಷಿ ಕಡಿಮೆಯಿತ್ತು. ಯಾರೂ ಯಾರನ್ನೂ ಏನೂ ಅನ್ನಲಿಲ್ಲ. ಸಜ್ಜಿಗೆ ಮಾಡಿದವರ ಮನೆಯ ದಿಕ್ಕಿಗೆ ಒಂದೆರಡು ಸಲ ನೋಡಿದರು, ಅಷ್ಟೇ. ಅವರು ಮುಂದಿನ ವಾರದಿಂದ ಮಂಡಳಿಗೆ ಬರಲಿಲ್ಲ. ಈಗಲೂ ನಮ್ಮನ್ನು ಕಂಡರೆ ಆ ಕಡೆಯ ಫುಟ್‌ಪಾತಿಗೆ ದಾಟುತ್ತಾರೆ. ಅದರಲ್ಲೂ ಸುಗುಣಮ್ಮನವರ ಮುಂದೆ ಲೆಕ್ಕ ಓದಬೇಕು. ಅವರ ನಾಲ್ಕು ವರ್ಷದ ಲೆಕ್ಕದಲ್ಲಿ ಒಂದು ಪೈಸೆ ಅತ್ತಿತ್ತ ಆದದ್ದಿಲ್ಲ.

ಹಾಗಾಗಿ ದುಡ್ಡು ಬ್ಯಾಂಕಿನಿಂದಲೇ ಬರಬೇಕಿತ್ತು, ಸಂಜೆಯೊಳಗೆ ಬರಬೇಕಿತ್ತು. ತಿಂಡಿಯ ತಟ್ಟೆ ತೊಳೆದು, ಕೈ ಒರೆಸಿಕೊಂಡು, ಒಂದು ಪತ್ರ ಬರೆದೆ. ಇಂಗ್ಲಿಷಿನಲ್ಲಿ, ಕೂಡಕ್ಷರದಲ್ಲಿ, ಎಡಕ್ಕೆ ಅಂಚು ಬಿಟ್ಟು. ಬರೆಯುವಾಗ ಕೋಪ ಇದ್ದದ್ದು ನಿಜ. ಆದರೆ ನನ್ನ ಕೋಪ ಇಂಗ್ಲಿಷಿಗೆ ಇಳಿಯುವ ಹೊತ್ತಿಗೆ ಸ್ನಾನ ಮಾಡಿ ತಲೆ ಬಾಚಿಕೊಂಡಿರುತ್ತದೆ. ಮೊದಲು ಬ್ಯಾಂಕಿನ ಇಷ್ಟು ವರ್ಷದ ಸೇವೆಗೆ ಕೃತಜ್ಞತೆ, ಆಮೇಲೆ ಕೌಂಟರಿನವರ ಸೌಜನ್ಯದ ಬಗ್ಗೆ ಎರಡು ಮಾತು, ಆಮೇಲೆ ಅವರ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮೆ.

ಗಾಂಧಿ ಬಜಾರಿನ ಹತ್ತಿರದ ಆ ಬ್ಯಾಂಕಿನಲ್ಲಿ ಮ್ಯಾನೇಜರ್ ಬರುವುದನ್ನು ಕಾಯುತ್ತ ಕೂತೆ. ಸುಮಾರು ಮೂವತ್ತೈದರ ಮನುಷ್ಯ. ಮೇಜಿನ ಮೂಲೆಯಲ್ಲಿ ಸ್ಟೀಲ್ ಡಬ್ಬಿ, ಮುಚ್ಚಳ ಜಾರದಂತೆ ಅಡ್ಡಕ್ಕೊಂದು ರಬ್ಬರ್ ಬ್ಯಾಂಡ್. ಪತ್ರ ಓದಿ ಅವರ ಮುಖ ಅರಳಿತು.

“ತುಂಬಾ ಥ್ಯಾಂಕ್ಸ್ ಮೇಡಂ! ಇತ್ತೀಚೆಗೆ ಯಾರೂ ಹೀಗೆ ಬರೆದುಕೊಡಲ್ಲ. ಇದನ್ನ ಹೆಡ್ ಆಫೀಸಿಗೆ ಕಳಿಸ್ತೀನಿ.”

“ಸಾರಿ ಸರ್. ಇದು ದೂರು.”

“ಎಲ್ಲಿ?”

“ಎರಡನೇ ಪುಟದಲ್ಲಿ.”

ಅವರು ಪುಟ ತಿರುಗಿಸಿದರು, ಮುಖವೂ ತಿರುಗಿತು. ಕಂಪ್ಯೂಟರಿನಲ್ಲಿ ಏನೋ ಒತ್ತಿ, “ಆ ಚೆಕ್ ಪಾಸಾದಾಗ ಬ್ಯಾಲೆನ್ಸು ಒಂದು ರೂಪಾಯಿ ಕಮ್ಮಿ ಆಗಿದೆ ಮೇಡಂ,” ಅಂದರು.

“ಒಂದು ರೂಪಾಯಿ ಕಮ್ಮಿಗೆ ಇನ್ನೂರೈವತ್ತು ದಂಡವೇ ಸರ್?”

“ಅದು ನಾವಲ್ಲ, ಸಿಸ್ಟಮ್ ತಗೊಳ್ಳತ್ತೆ. ಆದ್ರೂ ಮೇಡಂ, ನೀವು ಐದು ಸಾವಿರದ ಒಂದು ಯಾಕೆ ಬರೆದ್ರಿ?”

ನನ್ನ ಹಿಂದೆ ನಿಂತಿದ್ದ, ಪಿಂಚಣಿಗೆ ಬಂದಿದ್ದ ಹಿರಿಯರೊಬ್ಬರು ಬಾಯಿ ಹಾಕಿದರು. “ಏನ್ರೀ ಹೀಗೆ ಕೇಳ್ತೀರಿ? ಸೊನ್ನೆಗೆ ನಿಲ್ಲಿಸಿ ಯಾರಾದ್ರೂ ಸಂಭಾವನೆ ಕೊಡ್ತಾರಾ? ನಿಮ್ಮ ಮದುವೇಲಿ ಮುಯ್ಯಿ ಹೇಗೆ ಬಂತು, ಹೇಳಿ ನೋಡೋಣ.”

ಮ್ಯಾನೇಜರ್ ಪ್ರಾಮಾಣಿಕರು, ನೆನಪಿಸಿಕೊಂಡರು. “ಐನೂರ ಒಂದು, ಸಾವಿರದ ಒಂದು… ಹಾಗೇ ಬಂತು ಸರ್. ಆದ್ರೆ ಪ್ರತಿ ತಿಂಗಳೂ ನಾವು ಮೆಸೇಜ್ ಕಳಿಸಿದೀವಲ್ಲ ಮೇಡಂ, ಬ್ಯಾಲೆನ್ಸ್ ಕಮ್ಮಿ ಇದೆ ಅಂತ? ನೀವು ಆಗಲೇ ಒಂದು ರೂಪಾಯಿ ಕಟ್ಟಬಹುದಿತ್ತು.”

ನನಗೆ ಒಂದೂ ಬಂದಿರಲಿಲ್ಲ. ನನಗೆ ಬರುವ ಮೆಸೇಜುಗಳೆಂದರೆ ಸೀರೆ ಸೇಲಿನವು ಮತ್ತು ಅಕ್ಕನ ಶುಭೋದಯ. ಖಜಾಂಚಿಯಾದಾಗ ನನ್ನ ನಂಬರನ್ನು ಇದೇ ಕೌಂಟರಿನಲ್ಲಿ ಬರೆದುಕೊಟ್ಟಿದ್ದೆ ಎಂದೆ. ಮ್ಯಾನೇಜರ್ ಕಂಪ್ಯೂಟರಿನಲ್ಲಿದ್ದ ನಂಬರ್ ಓದಿದರು. ಕೊನೆಯ ಅಂಕಿ ನನ್ನದಾಗಿರಲಿಲ್ಲ. ನಾನು ತಪ್ಪಾಗಿ ಬರೆದುಕೊಟ್ಟಿರಬೇಕೆಂಬ ಧೈರ್ಯದಿಂದಲೇ ಇರಬೇಕು, ಅವರು ಆ ನಂಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆ ಆಟೋ ಹಾರನ್ನು, ಕಾಗದ ಕತ್ತರಿಸುವ ಯಂತ್ರದ ಸದ್ದು.

“ಹಲೋ! ಯಾರು? ಬ್ಯಾಂಕಾ? ಗುರುವೇ, ಕೊನೆಗೂ ಮಾಡಿದ್ರಲ್ಲ! ನಂದು ಅವೆನ್ಯೂ ರೋಡಲ್ಲಿ ಲಗ್ನಪತ್ರಿಕೆ ಅಂಗಡಿ ಸಾರ್. ನಿಮ್ಮ ಬ್ಯಾಂಕಲ್ಲಿ ನನಗೆ ಅಕೌಂಟೇ ಇಲ್ಲ. ತಿಂಗಳಾ ತಿಂಗಳಾ ಯಾವುದೋ ಭಜನಾ ಮಂಡಳಿ ದುಡ್ಡು ಕಟ್ ಆಯ್ತು ಅಂತ ನನಗ್ಯಾಕೆ ಹೇಳ್ತೀರಿ? ದೇವರ ದುಡ್ಡು ಹಿಂಗೆ ಹೋಗೋದು ನೋಡಿ ನನಗೇ ಹೊಟ್ಟೆ ಉರಿಯತ್ತೆ.”

“ನಮಗೆ ತಿಳಿಸಬೇಕಿತ್ತಲ್ಲ ಸರ್,” ಅಂದರು ಮ್ಯಾನೇಜರ್, ದನಿ ಇಳಿಸಿ.

“ತಿಳಿಸದೆ? ಅಂಗಡಿ ಬಾಗಿಲು ಹಾಕ್ಕೊಂಡು ಖುದ್ದಾಗಿ ಬಂದು ಹೇಳಿ ಹೋದೆ. ನಿಮ್ಮ ಕೌಂಟರಲ್ಲಿ ಒಬ್ರು ಮೇಡಂ, ಸಿಸ್ಟಮಲ್ಲಿ ಹಂಗೇ ಬಂದಿದೆ ಅಂದ್ರು. ಸಾರ್, ಮಂಡಳಿಯೋರು ಯಾರಾದ್ರೂ ಅಲ್ಲಿದ್ದಾರಾ?”

ನಾನು ಸಾರಿ ಎಂದೆ. ಯಾಕೆಂದು ಈಗಲೂ ಗೊತ್ತಿಲ್ಲ.

“ಸಾರಿ ಯಾಕಮ್ಮಾ! ಬಿಡಬೇಡಿ ಇವರನ್ನ. ವಸೂಲಿ ಮಾಡ್ಕೊಂಡೇ ಏಳಿ,” ಎಂದು ಅವರು ಫೋನಿಟ್ಟರು.

ಏಳಬೇಡಿ ಎಂದರೆ ಏಳದೆ ಇರುವುದು ನನಗೆ ಚೆನ್ನಾಗಿ ಬರುತ್ತದೆ. ಹತ್ತು ವರ್ಷ ಕಾನ್ವೆಂಟಿನ ಸಿಸ್ಟರ್ “ನೀನು ಹೋಗಬಹುದು” ಅನ್ನುವವರೆಗೆ ಬೆಂಚಿನ ಅಂಚಿನಲ್ಲಿ ನೆಟ್ಟಗೆ ಕೂತು ಅಭ್ಯಾಸ. ಮ್ಯಾನೇಜರ್, “ನೋಡ್ತೀನಿ ಮೇಡಂ, ಮೇಲಿನವರಿಗೆ ಬರೀಬೇಕು, ಒಂದು ವಾರ ಆಗಬಹುದು,” ಅಂದರು. ನಾನು “ಥ್ಯಾಂಕ್ಯೂ ಸರ್, ಕಾಯ್ತೀನಿ” ಅಂದೆ. ನಾನು ಒಂದು ವಾರ ಕಾಯುತ್ತೇನೆಂದು ಅವರು ಅಂದುಕೊಂಡರು, ನಾನು ಅಲ್ಲೇ ಕಾಯುವೆನೆಂದುಕೊಂಡಿದ್ದೆ. ಕೈಚೀಲವನ್ನು ತೊಡೆಯ ಮೇಲಿಟ್ಟು, ಸೆರಗು ಸರಿಮಾಡಿ ಕೂತೆ. ಯಾರನ್ನೂ ದಿಟ್ಟಿಸಲಿಲ್ಲ. ಗೋಡೆಯ ಮೇಲಿನ ಸಾಲದ ಜಾಹೀರಾತಿನಲ್ಲಿ ನಗುತ್ತಿದ್ದ ಕುಟುಂಬವನ್ನು ನೋಡಿದೆ. ಆ ಹೆಂಗಸಿನ ಸೀರೆಗೂ ರವಿಕೆಗೂ ಬಣ್ಣ ಹೊಂದಿರಲಿಲ್ಲ. ಜನ ಬಂದರು, ಹೋದರು. ಊಟದ ಹೊತ್ತಾಯಿತು. ಮ್ಯಾನೇಜರ್ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ನನ್ನನ್ನು ನೋಡಿದರು, ಮತ್ತೆ ದೂರ ತಳ್ಳಿದರು. ಸ್ವಲ್ಪ ಹೊತ್ತು ಬಿಟ್ಟು ರಬ್ಬರ್ ಬ್ಯಾಂಡ್ ತೆಗೆದರು.

“ಮೇಡಂ, ಊಟ ಆಯ್ತಾ?”

“ಇಲ್ಲ ಸರ್. ಪರವಾಗಿಲ್ಲ, ನೀವು ಮಾಡಿ.”

“ಬನ್ನಿ ಮೇಡಂ, ಸ್ವಲ್ಪ ತಗೊಳ್ಳಿ. ಮೊಸರನ್ನ.”

“ಬೇಡ ಸರ್. ದಯವಿಟ್ಟು ನೀವು ಮಾಡಿ, ನಾನು ಆ ಕಡೆ ತಿರುಗಿ ಕೂತ್ಕೋತೀನಿ.”

ತಾಯಿಯ ವಯಸ್ಸಿನ ಹೆಂಗಸೊಬ್ಬಳನ್ನು ಹಸಿದ ಹೊಟ್ಟೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿಕೊಂಡು ಮೊಸರನ್ನ ತಿನ್ನುವ ಮಗನನ್ನು ನಮ್ಮ ಊರಿನಲ್ಲಿ ಯಾರೂ ಹೆತ್ತಿಲ್ಲ. ಅವರು ರಬ್ಬರ್ ಬ್ಯಾಂಡನ್ನು ಮತ್ತೆ ಹಾಕಿದರು. ಹಳೆಯ ಫೈಲಿನಿಂದ ನಾನು ನಂಬರ್ ಬರೆದುಕೊಟ್ಟಿದ್ದ ಕಾಗದ ತೆಗೆಸಿ ನೋಡಿ, ಎರಡು ಕಡೆ ಫೋನ್ ಮಾಡಿದರು. “ತಪ್ಪು ನಮ್ಮದೇ ಸರ್, ನಂಬರ್ ನಾವೇ ತಪ್ಪು ಹಾಕಿದೀವಿ… ಹೌದು ಸರ್, ಇಲ್ಲೇ ಕೂತಿದ್ದಾರೆ… ಇಲ್ಲ ಸರ್, ಗಲಾಟೆ ಏನೂ ಇಲ್ಲ, ಅದೇ ಕಷ್ಟ.” ಆಮೇಲೆ ಅರ್ಧ ಗಂಟೆಯೊಳಗೆ ಐದೂ ಕಡಿತಗಳು ವಾಪಸು ಬಂದವು, ಪಾಸ್‌ಬುಕ್ಕಿನಲ್ಲಿ ಮುದ್ರೆಯೂ ಆಯಿತು. ನನ್ನ ಸರಿಯಾದ ನಂಬರನ್ನು ಅವರೇ ಎರಡು ಸಲ ಓದಿ ಹೇಳಿ ಹಾಕಿದರು.

“ಇನ್ನೊಂದು ರೂಪಾಯಿ ಕಟ್ಟಿಬಿಡಿ ಮೇಡಂ, ಇಲ್ಲದಿದ್ರೆ ಮುಂದಿನ ತಿಂಗಳು ಮತ್ತೆ ಶುರುವಾಗತ್ತೆ.”

ಬರೀ ಒಂದು ರೂಪಾಯಿಗೆ ಚಲನ್ ಬರೆಯುವುದು ಚೆನ್ನಾಗಿರುವುದಿಲ್ಲವೆಂದು ಮಂಡಳಿಯ ಚಂದಾ ಹಣದಿಂದ ನೂರು ತೆಗೆದೆ. ಬರೀ ನೂರು ಬರೆಯಲು ಕೈ ಬರಲಿಲ್ಲ. ನೂರ ಒಂದು ಕಟ್ಟಿದೆ. ಮ್ಯಾನೇಜರ್ ಚಲನ್ ನೋಡಿದರು, ಮುದ್ರೆ ಒತ್ತಿದರು. ನಾನು ಹೊಸ್ತಿಲು ದಾಟುವ ಮೊದಲೇ ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು.

ಸಂಜೆ ಎಲ್ಲರೂ ಬಂದರು. ವರ್ಷದ ಲೆಕ್ಕದ ಸಭೆ ಪ್ರತಿ ಸಲವೂ ನಮ್ಮ ಮನೆಯಲ್ಲೇ; ಹಾಲ್ ದೊಡ್ಡದು ಅನ್ನುವುದು ನೆಪ, ಕಾಫಿ ಚೆನ್ನಾಗಿರುತ್ತದೆಂಬುದು ಕಾರಣ. ಕಾಫಿ, ತಿಂಡಿ ನನ್ನ ಸೇವೆ, ಮಂಡಳಿಯ ಒಂದು ಕಾಸೂ ಅದಕ್ಕೆ ಮುಟ್ಟುವುದಿಲ್ಲ. ಅದೊಂದು ಸಣ್ಣ ಹೆಮ್ಮೆ ನನಗೆ. ನಾನು ಲೆಕ್ಕ ಓದಿದೆ. ಕಡಿತವನ್ನೂ ಓದಿದೆ, ವಾಪಸನ್ನೂ ಓದಿದೆ, ಯಾರೂ ಕೇಳದಿದ್ದರೂ ಬ್ಯಾಂಕಿನ ಕಥೆಯನ್ನು ಮೊಸರನ್ನದ ಸಮೇತ ಹೇಳಿದೆ. ಹೆಸರು ಉಳಿದ ಸಂತೋಷದಲ್ಲಿ ದನಿ ಸ್ವಲ್ಪ ಏರಿಯೂ ಇದ್ದಿರಬೇಕು. ಒಬ್ಬರು “ಒಳ್ಳೇದಾಯ್ತು ಬಿಡಿ” ಅಂದರು, ಇನ್ನೊಬ್ಬರು ಕೋಡುಬಳೆಗೆ ಓಮ ಹಾಕಿದ್ದೀರಾ ಎಂದು ಕೇಳಿದರು. ಸುಗುಣಮ್ಮನವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಮೆಚ್ಚುಗೆ ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಅವರು ಗೇಟಿನ ಹತ್ತಿರ ಬಗ್ಗಿ ಚಪ್ಪಲಿ ಹುಡುಕುತ್ತ ಹೇಳಿದರು: “ಅಲ್ಲಾ ವತ್ಸಲಾ, ಅಷ್ಟಕ್ಕೋಸ್ಕರ ಉಪವಾಸ ಕೂತ್ರಾ? ನನ್ನ ಕಾಲದಲ್ಲೂ ಬ್ಯಾಂಕಿನೋರು ವರ್ಷಕ್ಕೆ ಒಂದೆರಡು ಸಲ ಹೀಗೇ ಕಟ್ ಮಾಡೋರು ಕಣ್ರೀ. ನಾನು ‘ವತ್ಸಲಾ ಅವರ ಮನೆ ಕಾಫಿ ಖರ್ಚು’ ಅಂತ ಸೇರಿಸಿ ಓದಿಬಿಡ್ತಿದ್ದೆ. ನೀವು ಒಳಗೆ ಕಾಫಿ ಬೆರೆಸ್ತಾ ಇರ್ತಿದ್ರಿ. ಒಬ್ಬರಾದ್ರೂ ಒಂದು ಮಾತು ಕೇಳಬೇಕಲ್ಲ!”