ಭಾನುವಾರದ ಪ್ರಗತಿ ಪರಿಶೀಲನೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಬಚ್ಚಲಿನ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಅಟ್ಟದ ಬಾಗಿಲು ಒಂದೇ ತಿರುಗಣಿಯಲ್ಲಿ ನೇತಾಡುತ್ತಿತ್ತು. ಕಚೇರಿಯಲ್ಲಿ ವಾರಕ್ಕೊಮ್ಮೆ ಹದಿನಾಲ್ಕು ಮಂದಿಯನ್ನು ಕೂರಿಸಿ, "ಎಲ್ಲಿಗೆ ಬಂತು?" ಎಂದು ಕೇಳಿ ನಡುಗಿಸುವ ಮೇಲ್ವಿಚಾರಕ ನಾನು. (ನಡುಗುತ್ತಾರೆಂಬುದು ನನ್ನ ನಂಬಿಕೆ.) ಮನೆಯಲ್ಲೂ ಅದೇ ಪದ್ಧತಿ ಜಾರಿಗೆ ತಂದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸದಸ್ಯರು: ಹೆಂಡತಿ, ಅವಳ ತಾಯಿ, ಮಗಳು. ಪುಸ್ತಕದಲ್ಲಿ ಕೆಲಸ, ಹೊಣೆ, ಗಡುವು.

ಮೂರು ವಾರ ಪುಸ್ತಕ ತುಂಬಿತೇ ಹೊರತು ನಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ಸಭೆಗೆ ನೋಡಿದರೆ, ನಿಂತಿದೆ!

"ಯಾರು ರಿಪೇರಿ ಮಾಡಿದ್ದು?"

"ನಾನಂತೂ ಅಲ್ಲಪ್ಪ," ಎಂದಳು ಹೆಂಡತಿ. ಮಗಳು ತಲೆ ತಗ್ಗಿಸಿದಳು.

ಮುಂದಿನ ವಾರ ಅಟ್ಟದ ಬಾಗಿಲು ನೆಟ್ಟಗಾಗಿತ್ತು. ಒಳಗೆ ಧೂಳಿನಲ್ಲಿ ಬರಿಗಾಲಿನ ಗುರುತುಗಳು, ಹೆಂಗಸರದ್ದಲ್ಲ, ದೊಡ್ಡವು. ಪುಸ್ತಕ ತೆರೆದರೆ ಹೊಣೆಯ ಅಂಕಣದ ಉದ್ದಕ್ಕೂ ಒಂದೇ ಪದ: 'ಅವರು'.

ಪುಸ್ತಕವನ್ನು ಮೂವರ ಮುಂದೆ ಹಿಡಿದೆ. "ಯಾರು ಈ ಅವರು?"

ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ, ಅಳಿಯಂದ್ರೇ. ಅವರು ಕೆಲ್ಸ ಮಾಡುವಾಗ ಎಬ್ಬಿಸ್ಬಾರ್ದು."

ಎಬ್ಬಿಸಬಾರದೆ! ಅಂದೇ ಮಧ್ಯಾಹ್ನ ಪತ್ತೇದಾರಿಕೆಗಿಳಿದೆ. ಕಪಾಟಿನ ಮೇಲೆ ಮೊಬೈಲ್ ಕ್ಯಾಮೆರಾ ಚಾಲೂ ಮಾಡಿಟ್ಟು, ನಿದ್ದೆಯ ನಟನೆಗೆ ಮಲಗಿದೆ. (ನಟನೆ ಅತ್ಯಂತ ಸಹಜವಾಗಿ ಬಂತು.) ಸಂಜೆ ಎದ್ದವನೇ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನ ವಿಡಿಯೊ ನೋಡಿದೆ.

ಎರಡೂವರೆಗೆ ಮಂಚದ ಹೊದಿಕೆ ತಾನಾಗಿ ಸರಿಯಿತು. ಒಂದು ಆಕೃತಿ ಸೆಟೆದು ಎದ್ದು ಕುಳಿತಿತು. ಕಣ್ಣು ತೆರೆದಿದೆ, ನೋಟವಿಲ್ಲ. ಎದುರಿಗೆ ಸದ್ದಿಲ್ಲದೆ ಮೂರು ಕುರ್ಚಿ ಬಂದವು, ಮೂವರು ಕುಳಿತರು. ಹೆಂಡತಿ ಪುಸ್ತಕ ತೆರೆದಳು. "ನೀರಿನ ಟ್ಯಾಂಕ್ ತೊಳೆಯೋದು ಎಲ್ಲಿಗೆ ಬಂತು?"

"ಈಗಲೇ ಆಗುತ್ತೆ," ಎಂದಿತು ಬಾವಿಯೊಳಗಿನಂಥ ದನಿ. ಆಕೃತಿ ಪೊರಕೆ ಹಿಡಿದು ಕ್ಯಾಮೆರಾದತ್ತ ತಿರುಗಿತು.

ನಾನೇ.

ಹೊರಗೆ ಧಾವಿಸಿದೆ. "ನಿದ್ದೆಯಲ್ಲಿ ನಡೆಯೋನ ಹತ್ರ ಟ್ಯಾಂಕ್ ತೊಳೆಸ್ತೀರಾ? ಬಿದ್ದು ಸತ್ತಿದ್ರೆ?"

"ಏಣಿ ಹಿಡ್ಕೊಂಡಿದ್ವಲ್ಲ," ಎಂದರು ಅತ್ತೆ, ನೊಂದ ದನಿಯಲ್ಲಿ.

"ಎಚ್ಚರ ಇದ್ದಾಗ ಯಾವತ್ತಾದ್ರೂ ಒಂದು ಕೆಲ್ಸ ಮಾಡಿದ್ದೀರೇನ್ರೀ?" ಎಂದಳು ಹೆಂಡತಿ.

"ಸಾಕು! ಇನ್ನು ಸಭೆಯೇ ಬಂದ್!"

"ಆಗಲ್ಲ ರೀ," ಎಂದು ಅವಳು ಹೊಸ ಪುಟ ತೋರಿಸಿದಳು. 'ಇನ್ನು ಮುಂದೆ ಶನಿವಾರದ ಅರ್ಧ ರಜೆಯಲ್ಲೂ ಸಭೆ ಸೇರತಕ್ಕದ್ದು.' ಸೂಚಿಸಿದವರು, ಅನುಮೋದಿಸಿದವರು: ಎರಡೂ ಕಡೆ ನನ್ನದೇ ರುಜು.

"ಹೌದಪ್ಪಾ," ಎಂದಳು ಮಗಳು. "ಒಪ್ಪಿಗೆ ಇದ್ದವರು ಕೈ ಎತ್ತಿ ಅಂದಾಗ ನೀನು ಎರಡೂ ಎತ್ತಿದ್ದೆ."